ಹರಳಿನ ದಾಖಲೆ ಸಾಲದು, ಮಾಡ್ಯೂಲಿನ ಲೆಕ್ಕ ಕೊಡಿ

ವ್ಯರ್ಥವಾಗುವ ಬಿಸಿಯನ್ನು ನೇರವಾಗಿ ವಿದ್ಯುತ್ತಾಗಿಸುವ ವಸ್ತುಗಳ ಸಂಶೋಧನೆಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಚಿಕ್ಕ ಹರಳೊಂದರಲ್ಲಿ, ಯಾವುದೋ ಒಂದು ಉಷ್ಣತೆಯಲ್ಲಿ ಸಿಕ್ಕ ಗರಿಷ್ಠ ಝಡ್‌ಟಿ ಅಂಕಿಯನ್ನೇ ದಾಖಲೆಯೆಂದು ಸಾರುವುದು. ವಿದ್ಯುತ್ತನ್ನು ಸರಾಗ ಹರಿಯಬಿಟ್ಟು ಬಿಸಿಯನ್ನು ತಡೆಯುವ ವಸ್ತುವಿಗೆ ಈ ಅಂಕಿ ಹೆಚ್ಚು.

2014ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮರ್ಕುರಿ ಕನಾಟ್ಜಿಡಿಸ್ ತಂಡ ತವರದ ಸೆಲೆನೈಡ್ ಹರಳಿನಲ್ಲಿ 2.6 ಸಿಕ್ಕಿತೆಂದು ‘ನೇಚರ್’ನಲ್ಲಿ ಪ್ರಕಟಿಸಿತು. ಬಳಕೆಯಲ್ಲಿದ್ದ ವಸ್ತುಗಳು ದಶಕಗಳಿಂದ 1ರ ಆಸುಪಾಸಿನಲ್ಲಿದ್ದವು. 2016ರಲ್ಲಿ ಅದೇ ಪತ್ರಿಕೆಯಲ್ಲಿ ತಕರಾರು ಬಂತು: ಆ ವಸ್ತುವಿನಲ್ಲಿ ಬಿಸಿ ಅಷ್ಟು ಕಡಿಮೆ ಹರಿಯಲಾರದು, ಅಳೆದ ಹರಳಿನ ಸಾಂದ್ರತೆಯೇ ಅನುಮಾನ ಹುಟ್ಟಿಸುತ್ತದೆ. ತಂಡ ಪಟ್ಟು ಬಿಡಲಿಲ್ಲ. 2021ರಲ್ಲಿ ಕನಾಟ್ಜಿಡಿಸ್ ಕೂಡ ಇದ್ದ ತಂಡವೊಂದು, ಪುಡಿಯನ್ನು ಒತ್ತಿ ಮಾಡಿದ ಮಾದರಿಯಲ್ಲಿ ಸುಮಾರು 3.1 ಸಿಕ್ಕಿತೆಂದಿತು, ಹಿಂದಿನ ಮಾದರಿಗಳು ಸೋತದ್ದು ಕಣಗಳ ಮೇಲಿನ ತವರದ ಆಕ್ಸೈಡಿನಿಂದ ಎಂದಿತು. ಯಾರು ಸರಿ ಎಂಬುದು ಮುಖ್ಯವೇ. ಆದರೆ ಈ ಇಡೀ ವಾದ ಅಂಕಿಯ ಸುತ್ತಲೇ ಸುತ್ತಿತು, ವ್ಯಾಟ್‌ಗಳ ಮಾತು ಮೂಲೆಗೆ ಬಿತ್ತು.

ಲೆಕ್ಕ ಹಾಕಿ ನೋಡೋಣ. ಒಂದು ಬದಿ 300 ಡಿಗ್ರಿ, ಇನ್ನೊಂದು ಬದಿ 30 ಡಿಗ್ರಿ ಇದ್ದರೆ ಯಾವ ಯಂತ್ರವೂ ಬಿಸಿಯ ಶೇ. 47ಕ್ಕಿಂತ ಹೆಚ್ಚು ಭಾಗವನ್ನು ವಿದ್ಯುತ್ತಾಗಿಸಲಾರದು. ಝಡ್‌ಟಿ ಉದ್ದಕ್ಕೂ 1 ಇದ್ದರೆ ಸಿಗುವುದು ಶೇ. 10, ಉದ್ದಕ್ಕೂ 2.6 ಇದ್ದರೂ ಶೇ. 17. ಆದರೆ ದಾಖಲೆಯ ಅಂಕಿ ಉದ್ದಕ್ಕೂ ಇರುವುದಿಲ್ಲ, ತುದಿಯಲ್ಲಷ್ಟೇ ಇರುತ್ತದೆ. ಜೊತೆಗೆ, ತುಂಡುಗಳನ್ನು ಬೆಸೆದು ಬಳಕೆಯ ಘಟಕ, ಅಂದರೆ ಮಾಡ್ಯೂಲ್, ಕಟ್ಟುವಾಗ ಬೆಸುಗೆಯ ನಷ್ಟ, ಕಾದು ತಣಿದು ಬೀಳುವ ಬಿರುಕು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕನಿಷ್ಕ ಬಿಸ್ವಾಸ್ ತಂಡ 2021ರಲ್ಲಿ ಬೆಳ್ಳಿ, ಆಂಟಿಮನಿ, ಟೆಲ್ಯೂರಿಯಂ ಸಂಯುಕ್ತಕ್ಕೆ ಕ್ಯಾಡ್ಮಿಯಂ ಬೆರೆಸಿ, 300 ಡಿಗ್ರಿಯಲ್ಲಿ 2.6 ಮುಟ್ಟಿತು. ಸೀಸವಿಲ್ಲದ ವಸ್ತು, ನಿಜಕ್ಕೂ ದೊಡ್ಡ ಕೆಲಸ. ಸಿಮೆಂಟ್ ಗೂಡಿನಿಂದ ಹೊರಬೀಳುವ ಅನಿಲವೂ ಹೆಚ್ಚುಕಡಿಮೆ ಅದೇ ಬಿಸಿಯದು. ಹಾಗೆಂದು ನಾಳೆಯೇ ಕಲಬುರಗಿಯ ಚಿಮಣಿಗಳಿಗೆ ಇದನ್ನು ಹೊದಿಸಲಾಗದು. ಟೆಲ್ಯೂರಿಯಂ ಅಪರೂಪದ ಧಾತು, ಬಹುಪಾಲು ತಾಮ್ರ ಶುದ್ಧೀಕರಣದ ಉಪೋತ್ಪನ್ನವಾಗಿ ಬರುತ್ತದೆ. ದೊಡ್ಡ ಗೂಡುಗಳ ಬಿಸಿಗೆ ಉಗಿ ಟರ್ಬೈನ್ ಈಗಾಗಲೇ ಇದೆ.

ಮೂಲ ಸಂಶೋಧನೆಯನ್ನು ಮಾರುಕಟ್ಟೆಗೆ ಕಟ್ಟಿಹಾಕಬೇಡಿ ಎನ್ನುವವರಿದ್ದಾರೆ. ಒಪ್ಪಿದೆ. ಹಾಗಾದರೆ ಪ್ರಕಟಣೆಯಲ್ಲಿ ಕಾರ್ಖಾನೆಯ ಹೊಗೆ, ಕಾರಿನ ಸೈಲೆನ್ಸರ್ ತೋರಿಸಿ ಹಣ ಕೇಳಬೇಡಿ. ಬಳಕೆಯ ಮಾತಿಗೆ ಬಂದರೆ, 1977ರಲ್ಲಿ ಹಾರಿದ ವಾಯೇಜರ್ ನೌಕೆಗಳಿಗೆ ಇಷ್ಟು ದಶಕ ವಿದ್ಯುತ್ ಕೊಟ್ಟದ್ದು ಝಡ್‌ಟಿ 1ನ್ನೂ ಮುಟ್ಟದ ಸಿಲಿಕಾನ್-ಜರ್ಮೇನಿಯಂ. ಅಲ್ಲಿ ಗೆದ್ದದ್ದು ಬಾಳಿಕೆ.

ಸಾರ್ವಜನಿಕ ಹಣ ಕೊಡುವ ಸಂಸ್ಥೆಗಳು ಪ್ರತಿ ದಾಖಲೆಯ ಜೊತೆ ಇನ್ನೊಂದು ಪ್ರಯೋಗಾಲಯದ ಅಳತೆ ಕೇಳಲಿ. ಮುಂದಿನ ಕಂತು ಬಿಡುಗಡೆಯಾಗುವ ಮುನ್ನ ಸಂಶೋಧಕರು ಮಾಡ್ಯೂಲ್ ಮಾಡಿ, ಸಾವಿರ ಸಲ ಕಾಯಿಸಿ ತಣಿಸಿ, ಉಳಿದ ವ್ಯಾಟ್ ಎಷ್ಟೆಂದು ಬರೆದು ಕೊಡಲಿ.