ಮಗನ ಕೈಗೂ ಒಂದು ಸೌಟು

ಭದ್ರಾವತಿಯಿಂದ ಒಬ್ಬ ಸೋದರಿ ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಒಬ್ಬನೇ ಮಗ. ಪಿಯುಸಿ ಮುಗಿಸಿದ್ದಾನೆ, ಬರುವ ತಿಂಗಳು ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೊರಡುತ್ತಾನೆ. ಮೊನ್ನೆ ಊಟವಾದ ಮೇಲೆ "ನಿನ್ನ ತಟ್ಟೆ ನೀನೇ ತೊಳ್ಕೊಳ್ಳೋ" ಅಂದರಂತೆ. ಅಷ್ಟಕ್ಕೇ ಅತ್ತೆಯವರು "ನಾನಿನ್ನೂ ಬದುಕಿದೀನಿ, ನನ್ನ ಕಣ್ಣೆದುರಿಗೇ ಗಂಡು ಹುಡುಗನ ಕೈಲಿ ಮುಸುರೆ ತೊಳೆಸ್ತೀಯಾ" ಎಂದು ಎರಡು ದಿನ ಮಾತು ಬಿಟ್ಟರಂತೆ. ಯಜಮಾನರು "ಬೆಂಗಳೂರಲ್ಲಿ ಹೋಟೆಲಿಗೇನು ಬರವೇ" ಎಂದು ಪೇಪರು ಹಿಡಿದು ಕೂತರಂತೆ. "ನಾನು ಮಾಡಿದ್ದು ತಪ್ಪೇ? ನೀವೇ ಹೇಳಿ" ಎಂದು ಕೇಳಿದ್ದಾರೆ.

ತಪ್ಪಲ್ಲ ತಾಯಿ. ತಡವಾಯಿತು, ಅಷ್ಟೆ. ಆದರೆ ತಡ ಮಾಡಿದಿರೆಂದು ನಿಮ್ಮನ್ನು ಬೈಯುವ ಬಾಯಿ ನನಗಿಲ್ಲ, ನಾನೂ ಅದೇ ಪೈಕಿಯವಳು.

ನಿಮ್ಮ ಊರಿನದೇ ಒಂದು ಸಂಗತಿ ಹೇಳುತ್ತೇನೆ. ನಮ್ಮ ದೊಡ್ಡಪ್ಪ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. 1923ರಿಂದ ಕಬ್ಬಿಣ ಕರಗಿಸಿದ ಊರು ಅದು. ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಕುಲುಮೆಯ ಮುಂದೆ ಪಾಳಿಯ ಮೇಲೆ ದುಡಿದರು. ರಾತ್ರಿ ಪಾಳಿ ಮುಗಿಸಿ ಬಂದರೆ ದೊಡ್ಡಮ್ಮ ಬಿಸಿನೀರು, ಕಾಫಿ, ತಿಂಡಿ ಒಂದರ ಹಿಂದೊಂದು ಕೈಗೇ ಕೊಡಬೇಕು. ಅವರ ಮನೆಯ ಗಡಿಯಾರ ಓಡುತ್ತಿದ್ದದ್ದು ಕಾರ್ಖಾನೆಯ ಸೈರನ್ನಿಗೆ. ದೊಡ್ಡಪ್ಪ ಕೆಟ್ಟವರಲ್ಲ, ಒರಟರೂ ಅಲ್ಲ. ಅಡುಗೆಮನೆಯ ಹೊಸ್ತಿಲು ದಾಟುವ ಸಂದರ್ಭವೇ ಅವರಿಗೆ ಬರಲಿಲ್ಲ.

2009ರಲ್ಲಿ ದೊಡ್ಡಮ್ಮ ಹೋದರು. ಹದಿಮೂರು ದಿನ ನೆಂಟರು ಇದ್ದರು. ಆಮೇಲೆ ಬೆಂಗಳೂರಿನ ಮಗ ಕರೆದುಕೊಂಡು ಹೋದ. ಅವರಿಗೆ ಅಲ್ಲಿ ಒಗ್ಗಲಿಲ್ಲ, ವಾಪಸು ಬಂದರು. ಒಂದು ದಿನ ಬೆಳಗ್ಗೆ ನನಗೆ ಫೋನು. "ಪುಟ್ಟೀ, ಒಂದು ಲೋಟ ಅಕ್ಕಿಗೆ ನೀರು ಎಷ್ಟಮ್ಮ?" ಅಷ್ಟೇ ಮಾತು. ನಾನು ಹೇಳಿದೆ. ಫೋನಿಟ್ಟ ಮೇಲೆ ಯಾಕೋ ಮನೆಯಲ್ಲಿ ಕೂರಲಾಗಲಿಲ್ಲ, ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಅಡುಗೆಮನೆಯ ಸ್ಟೀಲ್ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದ್ದಾರೆ. ಕಾಫಿಗೆ ಉಪ್ಪು ಹಾಕಿಕೊಂಡು ಕುಡಿದ ಮೇಲೆ ಮಾಡಿದ ಕೆಲಸವಂತೆ. ಒಂದೊಂದೇ ಮುಚ್ಚಳ ತೆಗೆದು, ಮೂಸಿ, ನಾಲಿಗೆಗೆ ಮುಟ್ಟಿಸಿ ನೋಡಿ, ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: ಸಕ್ಕರೆ. ಉಪ್ಪು. ರವೆ. ಒಂದು ಡಬ್ಬದ ಮೇಲೆ "ಬೇಳೆ, ಯಾವುದೋ" ಎಂದಿತ್ತು. ಉದ್ದಿನ ಬೇಳೆ. ಐವತ್ತು ವರ್ಷ ಅದರ ದೋಸೆ ತಿಂದಿದ್ದಾರೆ, ಬೇಳೆಯ ಮುಖ ನೋಡಿದ್ದು ಅವತ್ತೇ ಮೊದಲು. ನನಗೆ ನಗುವೂ ಬಂತು, ಹೊಟ್ಟೆ ಕಿವುಚಿದಂತೆಯೂ ಆಯಿತು.

ಅವತ್ತು ಸಂಜೆ ನಮ್ಮ ಆಲ್ಕೊಳದ ಮನೆಗೆ ಬಂದಾಗ ಎಂಟನೇ ಕ್ಲಾಸಿನ ನನ್ನ ಮಗ ಟಿ.ವಿ. ಮುಂದೆ ಕೂತು "ಅಮ್ಮಾ, ನೀರು" ಅಂದ. ನೀರಿನ ಬಿಂದಿಗೆ ಅವನಿಂದ ಆರು ಹೆಜ್ಜೆ. ನಾನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಆದರೂ ತಂದುಕೊಟ್ಟೆ ನೋಡಿ! ತಂದುಕೊಟ್ಟ ಮೇಲೆ ಗೊತ್ತಾಯಿತು, ಇನ್ನೊಬ್ಬ ದೊಡ್ಡಪ್ಪನನ್ನು ನನ್ನ ಕೈಯಾರೆ ಬೆಳೆಸುತ್ತಿದ್ದೇನೆ ಅಂತ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು, ಸೋದರಿಯರೇ. ಅತ್ತೆಯ ಮೇಲೆ, ಯಜಮಾನರ ಮೇಲೆ ಹೇಳುವುದು ಸುಲಭ. ನಮ್ಮನೆಯಲ್ಲಿ ಹುಡುಗ ಕೆಲಸ ಕಲಿಯದೇ ಇದ್ದದ್ದಕ್ಕೆ ಕಾರಣ ನಾನೇ. ಆರು ವರ್ಷದವನಿದ್ದಾಗ ಪೊರಕೆ ಹಿಡಿದು ಬಂದಿದ್ದ. "ಕಸ ಎಲ್ಲ ಕಡೆ ಹರಡ್ತೀಯ, ಬಿಡು" ಎಂದು ಕಿತ್ತುಕೊಂಡೆ. ಚಪಾತಿ ಲಟ್ಟಿಸಲು ಬಂದಾಗ ಹಿಟ್ಟು ಚೆಲ್ಲುತ್ತಾನೆಂದು ಗದರಿದೆ. ಹುಡುಗರು ಆ ವಯಸ್ಸಿನಲ್ಲಿ ತಾವಾಗಿಯೇ ಬರುತ್ತಾರೆ. ನಾಲ್ಕು ಸಲ ಓಡಿಸಿದರೆ ಐದನೇ ಸಲ ಬರುವುದಿಲ್ಲ. ಇನ್ನೊಂದು ಆಸೆ ಒಳಗೇ ಇರುತ್ತದೆ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ: ಮಗನಿಗೆ ನಾನು ಬೇಕೇ ಬೇಕು, ನನ್ನ ಕೈಯ ಸಾರಿಲ್ಲದೆ ಅವನಿಗೆ ಅನ್ನ ಇಳಿಯಬಾರದು. ಈ ಆಸೆ ಸಿಹಿಯಾದದ್ದೇ. ಆದರೆ ಅದರ ಬೆಲೆ ಕಟ್ಟುವವನು ಅವನು. ಅವನ ಹೆಂಡತಿಯಾಗಿ ಬರುವವಳೂ.

"ಗಂಡಸರು ಒಲೆ ಮುಂದೆ ನಿಲ್ಲೋದೇ" ಎನ್ನುವವರಿಗೆ ಏನು ಹೇಳಬೇಕು? ಒಳ್ಳೆಯ ಅಡುಗೆಗೆ ನಳಪಾಕ, ಭೀಮಪಾಕ ಎಂದೇ ಅಲ್ಲವೇ ನಾವು ಹೆಸರಿಟ್ಟಿರುವುದು? ಗದೆ ಹಿಡಿದ ಭೀಮಸೇನ ವಿರಾಟನ ಮನೆಯಲ್ಲಿ ಒಂದು ವರ್ಷ ಬಾಣಸಿಗನಾಗಿದ್ದ. ಅವನ ಪೌರುಷಕ್ಕೇನೂ ಕುಂದು ಬರಲಿಲ್ಲ, ಕೀಚಕನನ್ನು ಕೇಳಿ. ಮದುವೆಮನೆಯಲ್ಲಿ ಐನೂರು ಎಲೆಗೆ ಅಡುಗೆ ಮಾಡುವವರು ಗಂಡಸರು. ಬೆಂಗಳೂರಿನ ಎಂ.ಟಿ.ಆರ್. ಇದೆಯಲ್ಲ, ಅದನ್ನು 1924ರಲ್ಲಿ ಶುರು ಮಾಡಿದ ಮಯ್ಯ ಸೋದರರು ಉಡುಪಿ ಕಡೆಯಿಂದ ಅಡುಗೆ ಕೆಲಸಕ್ಕೆಂದೇ ಬಂದವರು. ಸಂಬಳ ಬಂದರೆ ಸೌಟು ಗಂಡಸರಿಗೆ ಒಪ್ಪುತ್ತದೆ, ಮನೆಯಲ್ಲಿ ಹಿಡಿದರೆ ಮಾತ್ರ ಮಾನ ಹೋಗುತ್ತದೆ! ನಮ್ಮ ತಂದೆಯವರ ಕಾಲದಲ್ಲಿ ಓದುವ ಹುಡುಗರಿಗೆ ವಾರಾನ್ನ, ಅದು ಸಿಗದಿದ್ದರೆ ರೂಮಿನಲ್ಲಿ ಸ್ವಯಂಪಾಕ. ಸೀಮೆಎಣ್ಣೆ ಸ್ಟವ್ ಮೇಲೆ ಅನ್ನ, ಸಾರು ಎಲ್ಲ ಮಾಡಿಕೊಂಡೇ ನಮ್ಮ ತಂದೆ ಓದಿ ಮೇಷ್ಟರಾದದ್ದು. ಮದುವೆಯಾದ ಮರುದಿನ ಅಷ್ಟೂ ವಿದ್ಯೆ ಮರೆತುಹೋಯಿತು, ಪಾಪ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ದೇಶದಾದ್ಯಂತ ಸಮೀಕ್ಷೆ ಮಾಡಿಸಿತು. ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆಂದು ಕೊಡುವುದು 299 ನಿಮಿಷ, ಮಾಡುವ ಗಂಡಸರು 97 ನಿಮಿಷ. ಮನೆಗೆಲಸಕ್ಕೆ ಕೈ ಹಚ್ಚುವ ಗಂಡಸರಾದರೂ ನೂರಕ್ಕೆ 26 ಮಂದಿ. 2024ರಲ್ಲಿ ಮತ್ತೆ ಕೇಳಿದಾಗ ಹೆಂಗಸರದು 289ಕ್ಕೆ ಇಳಿದಿತ್ತು. ಸಂತೋಷ. ಆದರೆ ಗಂಡಸರದೂ 88ಕ್ಕೆ ಇಳಿದಿತ್ತು!

ಸರಿ, ಹೇಗೆ ಶುರು ಮಾಡೋದು? ಚಿಕ್ಕವರಿದ್ದರೆ ತಟ್ಟೆ ಎತ್ತಿಡುವುದು, ಹಾಸಿಗೆ ಮಡಚುವುದು, ಅವರವರ ಒಳಉಡುಪು ಅವರವರೇ ಒಗೆದುಕೊಳ್ಳುವುದು. ಹತ್ತು ದಾಟಿದವನಿಗೆ ತರಕಾರಿ ಹೆಚ್ಚಲು ಕೊಡಿ. ಚಾಕು ಹಿಡಿಯುವಾಗ ಪಕ್ಕದಲ್ಲಿರಿ. ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಿ ಬೆಂಡೆಕಾಯಿಯ ತುದಿ ಮುರಿದು ನೋಡುವುದು ಹೇಗೆಂದು ತೋರಿಸಿ. ನಮ್ಮ ಮಳೆಗಾಲದಲ್ಲಂತೂ ಬಟ್ಟೆ ಒಣಗಿಸುವುದು ಒಗೆಯುವುದಕ್ಕಿಂತ ದೊಡ್ಡ ವಿದ್ಯೆ. ಪ್ಯಾಂಟನ್ನು ಒಳಮುಖ ಮಾಡಿ, ಜೇಬು ಹೊರಗೆಳೆದು ಹರವದಿದ್ದರೆ ಮೂರು ದಿನವಾದರೂ ಮುಗ್ಗು ವಾಸನೆ. ಇದನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ.

ಅವನು ಗುಡಿಸಿದ ಮೇಲೆ ಅವನೆದುರಿಗೇ ಮತ್ತೆ ಗುಡಿಸಬೇಡಿ. ನನಗೆ ಅತಿ ಕಷ್ಟವಾದದ್ದು ಇದೇ, ಕೈ ತಡೆಯದು. ಹಾಗೆಯೇ ಒಂದು ಲೋಟ ತೊಳೆದಿಟ್ಟನೆಂದು ಬೀದಿಗೆಲ್ಲ ಸಾರಬೇಡಿ. ಮಗಳು ಇಡೀ ಮನೆ ಸಾರಿಸಿದರೆ ಯಾರೂ ಹೊಗಳದ ಮನೆಯಲ್ಲಿ ಮಗನ ಲೋಟಕ್ಕೇಕೆ ಆರತಿ? "ಅಮ್ಮನಿಗೆ ಸಹಾಯ ಮಾಡ್ತಾನೆ" ಎನ್ನುವ ಮಾತೂ ನನಗೆ ಹಿಡಿಸದು. ಅವನು ಉಂಡ ತಟ್ಟೆ, ಅವನು ಉಟ್ಟ ಬಟ್ಟೆ. ಸಹಾಯ ಯಾರಿಗೆ?

ಭದ್ರಾವತಿಯ ಸೋದರಿಗೆ ಉಳಿದಿರುವುದು ಒಂದು ತಿಂಗಳು. ಎಲ್ಲ ಕಲಿಸಲಾಗದು. ಅನ್ನ ಮೊದಲು: ಒಂದು ಲೋಟ ಅಕ್ಕಿ, ಎರಡು ಲೋಟ ನೀರು, ಕುಕ್ಕರ್ ಮೂರು ಸಲ ಕೂಗಲಿ, ತಾನಾಗಿ ಇಳಿಯುವವರೆಗೆ ಮುಚ್ಚಳಕ್ಕೆ ಕೈ ಹಾಕಬಾರದು. ಜೊತೆಗೆ ನಮ್ಮ ಮಲೆನಾಡಿನ ತಂಬುಳಿ. ಮೊದಲ ಅಡುಗೆಗೆ ಅದರಷ್ಟು ಸುಲಭದ್ದು ನಾ ಕಾಣೆ. ದೊಡ್ಡಪತ್ರೆಯ ಹತ್ತು ಹನ್ನೆರಡು ಎಲೆ ತೊಳೆದು, ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನೊಂದಿಗೆ ಬಾಡಿಸಲಿ. ಆರಿದ ಮೇಲೆ ಒಂದು ಹಿಡಿ ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆ, ಉಪ್ಪು ಬೆರೆಸಿ, ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಕುದಿಸುವ ಗೋಜಿಲ್ಲ. ದೊಡ್ಡಪತ್ರೆಯ ಒಂದು ಕಡ್ಡಿ ಡಬ್ಬದಲ್ಲಿ ನೆಟ್ಟು ಅವನ ಜೊತೆಗೇ ಕಳಿಸಿ, ಬೆಂಗಳೂರಿನ ಕಿಟಕಿಯಲ್ಲೂ ಚಿಗುರುತ್ತದೆ.

ಅಂದ ಹಾಗೆ ದೊಡ್ಡಪ್ಪ ಎಪ್ಪತ್ತೆರಡನೇ ವಯಸ್ಸಿನಲ್ಲಿ ಅನ್ನ, ತಿಳಿಸಾರು ಕಲಿತರು. ಉಪ್ಪಿಟ್ಟು ಕೊನೆಯವರೆಗೂ ಗಂಟು ಕಟ್ಟುತ್ತಲೇ ಇತ್ತು. ಚೀಟಿಗಳನ್ನು ತೆಗೆಯಲು ಮಾತ್ರ ಬಿಡಲಿಲ್ಲ.

ಇನ್ನು ನಿಮ್ಮ ಅತ್ತೆಯವರ ವಿಷಯ. ವಾದಕ್ಕೆ ಇಳಿಯಬೇಡಿ. ಮೊಮ್ಮಗ ಮಾಡಿದ ಮೊದಲ ತಂಬುಳಿಯನ್ನು ಅವರ ಎಲೆಗೇ ಮೊದಲು ಬಡಿಸಿ. ಎರಡನೇ ಸಲ ಹಾಕಿಸಿಕೊಂಡ ಮೇಲೆ, ಯಾರು ಮಾಡಿದ್ದೆಂದು ಹೇಳಿ.