ಎಲೆಕೋಸಿನ ಹುಳುವಿಗೆ ಸಾಸಿವೆಯ ಸಾಲು



ಎಲೆಕೋಸು, ಹೂಕೋಸು, ಮೂಲಂಗಿಗಳಂಥ ಸಾಸಿವೆ ಕುಟುಂಬದ ಬೆಳೆಗಳನ್ನು ಕಾಡುವ ಕೀಟಗಳಲ್ಲಿ ವಜ್ರಬೆನ್ನಿನ ಪತಂಗ, ಅಂದರೆ ರೆಕ್ಕೆ ಮಡಚಿದಾಗ ಬೆನ್ನ ಮೇಲೆ ವಜ್ರಾಕೃತಿಯ ಮಸುಕು ಗುರುತುಗಳು ಕಾಣುವ ಪುಟ್ಟ ಪತಂಗ, ಅತ್ಯಂತ ಹಠಮಾರಿಯಾದುದು. ಎಲೆಯ ಅಡಿಭಾಗವನ್ನು ಕೆರೆದು ತಿಂದು ಮೇಲ್ಪೊರೆಯನ್ನಷ್ಟೇ ಉಳಿಸುವ ಇದರ ಹಸಿರು ಮರಿಹುಳುಗಳು ಬೆಚ್ಚನೆಯ ಹವೆಯಲ್ಲಿ ಎರಡು-ಮೂರು ವಾರಗಳಲ್ಲೇ ಪತಂಗಗಳಾಗಿ ಹೊಸ ಪೀಳಿಗೆಗೆ ಅಣಿಯಾಗುವುದರಿಂದ, ವಿಷವನ್ನು ತಾಳಿಕೊಳ್ಳುವ ಶಕ್ತಿಯಾದ ನಿರೋಧಕತೆ ಬೇಗ ಬಲಿಯುತ್ತದೆ. 1953ರಲ್ಲೇ ಜಾವಾದಲ್ಲಿ ಈ ಕೀಟ ಡಿಡಿಟಿ ಎಂಬ ಕೀಟನಾಶಕಕ್ಕೆ ಜಗ್ಗದಿರುವುದು ವರದಿಯಾಗಿತ್ತು, ಮುಂದೆ ಹವಾಯಿಯ ಹೊಲಗಳಲ್ಲಿ ಬಿಟಿ ಎಂಬ ಬ್ಯಾಕ್ಟೀರಿಯಾಜನ್ಯ ಕೀಟನಾಶಕಕ್ಕೂ ಬಗ್ಗಲಿಲ್ಲ. ಇಷ್ಟಾದರೂ ಸಿಂಪಡಣೆಯನ್ನೇ ಹೆಚ್ಚಿಸುತ್ತ ಹೋಗುವುದು ನಿಜಕ್ಕೂ ವಿಷಾದಕರ, ಏಕೆಂದರೆ ಮರಿಹುಳುವಿನ ದೇಹದೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಕೊಟೇಸಿಯಾ ಎಂಬ ಉಪಕಾರಿ ಕಣಜವೂ ಆ ವಿಷಕ್ಕೆ ಬಲಿಯಾಗುತ್ತದೆ.

ಇಂಥ ಸಿಂಪಡಣೆಗೆ ಪರ್ಯಾಯವಾಗಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬಲೆಬೆಳೆ ವಿಧಾನದಲ್ಲಿ, ಅಂದರೆ ಕೀಟವನ್ನು ತನ್ನತ್ತ ಸೆಳೆದು ಮುಖ್ಯ ಬೆಳೆಯನ್ನು ಉಳಿಸುವ ಬೆಳೆಯ ಬಳಕೆಯಲ್ಲಿ, ಪ್ರತಿ 25 ಸಾಲು ಎಲೆಕೋಸಿಗೆ ಸಾಸಿವೆಯ ಜೋಡಿ ಸಾಲಿರುತ್ತದೆ. ಒಂದನ್ನು ಕೋಸಿನ ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಗಳ ಬಳಿಕ ಬಿತ್ತಬೇಕು. ಕೋಸಿಗೆ ಶೇ 4ರ ಬೇವಿನ ಬೀಜದ ಕಷಾಯವೂ ಹೊಂದುತ್ತದೆ. ಪತ್ರಿಕೆಯ ಕೃಷಿ ಪುಟವು ಈ ವಿವರಗಳನ್ನು ನಾಟಿಯ ಹಂಗಾಮಿಗೆ ಮುನ್ನವೇ ಪ್ರಕಟಿಸಬೇಕೆಂದು ವಿನಂತಿ.

— ಓದುಗರೊಬ್ಬರು, ಮಾಲೂರು