ಕೈಗೆ ಹತ್ತುವ ವಿದ್ಯೆ

ಡಿಪ್ಲೊಮಾ ಮುಗಿಸಿದ ಮಗನನ್ನೋ ಮಗಳನ್ನೋ ಮುಂದೆ ಯಾವ ದಾರಿಗೆ ಹಚ್ಚಬೇಕೆಂಬ ಚಿಂತೆಯು ದೇವನೂರಿನಂಥ ಊರುಗಳ ಗೃಹಸ್ಥರಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ‘ಎಂಬೆಡೆಡ್’ ತರಬೇತಿ ಕೊಡಿಸಿದರೆ ಕೆಲಸ ಖಂಡಿತವೆಂದು ಯಾರೋ ಹೇಳುತ್ತಾರೆ. ಶುಲ್ಕಕ್ಕೂ ವಸತಿಗೂ ಒಡವೆಯನ್ನು ಅಡವಿಡುವ ಮಾತು ಮನೆಯಲ್ಲಿ ಏಳುತ್ತದೆ. ಒಡವೆಯನ್ನು ಪೆಟ್ಟಿಗೆಯಿಂದ ತೆಗೆಯುವುದಕ್ಕೆ ಮುಂಚೆ ಈ ವಿದ್ಯೆ ಎಂಥದು, ಇದರ ಉಪಕರಣಗಳಿಗೆ ಬೆಲೆಯೆಷ್ಟು ಎಂಬುದನ್ನು ವಾಚಕರು ಅರಿತುಕೊಳ್ಳುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಬಟ್ಟೆ ಒಗೆಯುವ ಯಂತ್ರ, ಡೈರಿಯ ತಕ್ಕಡಿ, ಕರೆಂಟಿನ ಮೀಟರು ಮೊದಲಾದವುಗಳೊಳಗೆ ಬೆರಳಿನ ಉಗುರಿನಷ್ಟು ಸಣ್ಣ ಗಣಕವೊಂದು ಅಡಗಿರುತ್ತದೆ. ಪಂಪಿಗೆ ಜೋಡಿಸುವ ಮೊಬೈಲ್ ಸ್ಟಾರ್ಟರೂ ಇದೇ ಜಾತಿಯದು. ತ್ರೀಫೇಸ್ ಕರೆಂಟು ಅಪರಾತ್ರಿಯಲ್ಲಿ ಬಂದಾಗ ಟಾರ್ಚು ಹಿಡಿದು ಹಾವು ಚೇಳುಗಳ ನಡುವೆ ತೋಟಕ್ಕೆ ನಡೆಯುವ ಕಷ್ಟವನ್ನು ಅದು ತಪ್ಪಿಸುತ್ತದೆ. ಇಂಥ ಗಣಕಕ್ಕೆ ಆದೇಶ ಬರೆಯುವುದೇ ಈ ವಿದ್ಯೆ.

ಬರೆಯುವ ಉಪಕರಣಗಳು ಬಹುಮಟ್ಟಿಗೆ ಬಿಟ್ಟಿಯಾಗಿ ದೊರೆಯುತ್ತವೆ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ನರು 1983ರಲ್ಲಿ ಸಾರಿದ ‘ಗ್ನು’ ಯೋಜನೆಯಿಂದ 1987ರಲ್ಲಿ ಜಿಸಿಸಿ ಎಂಬ ಕಂಪೈಲರು ಹೊರಬಂದಿತು. ನಾವು ಬರೆದುದನ್ನು ಚಿಪ್ಪಿನ ಭಾಷೆಗೆ ತಿರುಗಿಸುವುದು ಅದರ ಕೆಲಸ. ಅದನ್ನು ಯಾರು ಬೇಕಾದರೂ ಬಳಸಬಹುದು, ಒಳಗನ್ನು ಓದಬಹುದು, ತಿದ್ದಬಹುದು, ಹಂಚಬಹುದು. 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ಹುಟ್ಟಿದ ಆರ್ಡುಯಿನೊ ಹಲಗೆಯ ನಕ್ಷೆಯೂ ಬಹಿರಂಗ; ಆದಕಾರಣ ಅದರ ಮಾದರಿಯ ಹಲಗೆಗಳು ಕೆಲವು ನೂರು ರೂಪಾಯಿಗೆ ಸಿಕ್ಕುತ್ತವೆ.

ಆದರೆ ಉಪಕರಣ ಸಿಕ್ಕಿದ ಮಾತ್ರಕ್ಕೆ ವಿದ್ಯೆ ಬಂದಂತಾಗದು. ಒಂದು ಉದಾಹರಣೆ ಕೊಡುತ್ತೇವೆ. ಈ ಹಲಗೆಯು ಕಾಲವನ್ನು ಮಿಲಿಸೆಕೆಂಡುಗಳಲ್ಲಿ ಎಣಿಸುತ್ತದೆ. ಎಣಿಕೆಗಿರುವ ಜಾಗ 32 ಬಿಟ್ಟುಗಳಷ್ಟೆ; 429 ಕೋಟಿ ಚಿಲ್ಲರೆ ಮುಟ್ಟಿದೊಡನೆ, ಎಂದರೆ ಸುಮಾರು 49 ದಿನ 17 ಗಂಟೆಗಳಿಗೆ, ಪುನಃ ಸೊನ್ನೆ. ಕೊಳವೆಬಾವಿಯ ನೀರು ತೀರಿದರೆ ಪಂಪನ್ನು ನಿಲ್ಲಿಸಿ ಅರ್ಧ ಗಂಟೆ ಕಾಯಬೇಕೆಂದು ಹುಡುಗನು ಬರೆಯುತ್ತಾನೆನ್ನಿ. ಈಗಿನ ಎಣಿಕೆಗೆ ಅರ್ಧ ಗಂಟೆ ಕೂಡಿಸಿಟ್ಟು, ಅದನ್ನು ಮೀರಿದೊಡನೆ ಪಂಪು ಹಾಕೆಂದು ಬರೆದರೆ 49 ದಿನ ಎಲ್ಲವೂ ಸರಿ. ಎಣಿಕೆ ತುಂಬುವ ಹೊತ್ತಿನಲ್ಲಿ ಕೂಡಿಸಿದ ಮೊತ್ತವೇ ಉಕ್ಕಿ ಸಣ್ಣದಾಗುತ್ತದೆ. ಗಣಕವು ಕಾಯುವ ಕಾಲ ಆಗಲೇ ಮುಗಿಯಿತೆಂದು ತಿಳಿದು ಬರಿ ಬಾವಿಯ ಮೇಲೆ ಪಂಪನ್ನು ಓಡಿಸುತ್ತದೆ. ಮೋಟಾರು ಸುಟ್ಟರೆ ನಷ್ಟ ರೈತನದು. ನಿಲ್ಲಿಸಿದ ಹೊತ್ತನ್ನು ಈಗಿನ ಹೊತ್ತಿನಿಂದ ಕಳೆದು ನೋಡಿದರೆ ಈ ದೋಷವಿಲ್ಲ.

ಇದನ್ನು ಪರೀಕ್ಷಿಸಲು 50 ದಿನ ಕಾಯಬೇಕಾಗಿಯೂ ಇಲ್ಲ. ಆರ್ಡುಯಿನೊದ ಒಳಬರೆಹವೆಲ್ಲ ತೆರೆದಿರುವುದರಿಂದ, ಎಣಿಕೆ ಎಲ್ಲಿದೆಯೆಂದು ಓದಿ ಹುಡುಕಿ, ಅದನ್ನು ಕೊನೆಯ ಸಮೀಪಕ್ಕೆ ತಳ್ಳಿ, ಪಂಪಿನ ಬದಲು ಪುಟ್ಟ ದೀಪವೊಂದನ್ನಿಟ್ಟರೆ ಒಂದು ಮಧ್ಯಾಹ್ನದಲ್ಲಿ ಕಣ್ಣಾರೆ ಕಾಣಬಹುದು. ಒಳಗನ್ನು ಮುಚ್ಚಿಟ್ಟ ಉಪಕರಣದಲ್ಲಿ ಇದು ಸುಲಭಸಾಧ್ಯವಲ್ಲ.

ಆದ್ದರಿಂದ ಶುಲ್ಕ ಕಟ್ಟುವ ಮುಂಚೆ ಕೇಳತಕ್ಕದ್ದಿಷ್ಟು: ಪ್ರತಿಯೊಬ್ಬರ ಕೈಗೂ ಹಲಗೆ ಕೊಡುವಿರಾ? ಇಲ್ಲಿ ಕಲಿತ ಉಪಕರಣವನ್ನು ಊರಿಗೆ ಹೋದ ಮೇಲೂ ಪರವಾನಗಿಯ ಹಣವಿಲ್ಲದೆ ಬಳಸಬಹುದೇ? ಗೋಡೆಯ ಮೇಲೆ ಚಿತ್ರ ತೋರಿಸಿ ಪ್ರಮಾಣಪತ್ರ ಕೊಡುವ ತರಗತಿಗಳು ನಮಗೆ ಹಿಡಿಸವು. ಉಪಕರಣ ಬಿಟ್ಟಿಯೆಂದು ಗುರುವಿನ ಶ್ರಮವೂ ಬಿಟ್ಟಿಯಾಗಲೆಂದು ನಾವು ಹೇಳುವವರಲ್ಲ. ಕೈಹಿಡಿದು ತಿದ್ದುವವರಿಗೆ ಸಂತೋಷದಿಂದ ಕೊಡಬಹುದು. ಆದರೂ ಮೊದಲ ಎರಡು ತಿಂಗಳು ಮನೆಯಲ್ಲೇ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಹಾಕಿ ಆರಂಭಿಸಲಿ. ಮುಂಬಯಿಯ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯ ಹಲವು ಪಾಠಗಳು ಕನ್ನಡದಲ್ಲಿಯೂ ಉಚಿತವಾಗಿ ದೊರೆಯುತ್ತವೆ. ಮಗಳನ್ನು ಒಬ್ಬಳೇ ಬೆಂಗಳೂರಿಗೆ ಕಳುಹಿಸಲು ಹಿಂಜರಿಯುವ ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು.

ಅಭ್ಯಾಸವೆಲ್ಲ ದೀಪದ ಮೇಲೆ ನಡೆಯಲಿ. ತ್ರೀಫೇಸ್ ಸ್ಟಾರ್ಟರಿಗೆ ತಂತಿ ಜೋಡಿಸುವ ದಿನ ತಿಳಿದ ವೈರ್‌ಮನ್ ಒಬ್ಬರು ಜೊತೆಯಲ್ಲಿರತಕ್ಕದ್ದು.